ಆ ಕರೆಂಟೂ ಪೆಟ್ರೋಲಿನದ್ದೇ

ಪೆಟ್ರೋಲ್ ಇಂಜಿನ್ನೂ ಕರೆಂಟಿನ ಮೋಟಾರೂ ಎರಡೂ ಇರುವ ಹೈಬ್ರಿಡ್ ಕಾರು ಕೊಳ್ಳುವ ಮೊದಲು ಒಂದು ಮಾತು ಕೇಳೋಣವೆಂದು ಮಂಗಳೂರಿನ ಬೈಕಂಪಾಡಿಯ ನನ್ನ ವರ್ಕ್‌ಶಾಪಿಗೆ ಬರುವವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ ಒಂದೇ: "ಒಮ್ಮೆ ಚಾರ್ಜ್ ಆದ್ರೆ ಕರೆಂಟಿನಲ್ಲಿ ಎಷ್ಟು ಕಿಲೋಮೀಟರ್ ಓಡ್ತದೆ?" ಕೊಲ್ಲಿ ರಾಷ್ಟ್ರವೊಂದರಲ್ಲಿ ದುಡಿಯುವ, ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬರುವ ಗ್ರಾಹಕರೊಬ್ಬರು ಕಳೆದ ಬಾರಿ ಬಂದಾಗ ಇದನ್ನೇ ಕೇಳಿದರು. "ಪರಿಸರಕ್ಕೆ ಒಳ್ಳೆಯದು ಉಂಟಲ್ಲ ಸಾರ್, ಅರ್ಧ ದಾರಿಗೆ ಪೆಟ್ರೋಲೇ ಬೇಡವಂತೆ," ಎಂದರು. ಅವರ ಕಾಳಜಿ ಪ್ರಾಮಾಣಿಕವಾದದ್ದು, ಆ ಬಗ್ಗೆ ನನಗೆ ಗೌರವವಿದೆ. ಆದರೆ ಇದೇ ತಪ್ಪು ತಿಳಿವಳಿಕೆಯನ್ನು ವಾರಕ್ಕೆ ಎರಡು ಬಾರಿ ಬಿಡಿಸಿ ಹೇಳಬೇಕಾಗಿ ಬಂದಾಗ ತಾಳ್ಮೆ ಕಡಿಮೆಯಾಗುತ್ತದೆ ಎಂಬುದೂ ನಿಜ.

ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಹೈಬ್ರಿಡ್ ಕಾರಿಗೆ ಮನೆಯ ಪ್ಲಗ್ಗಿನಿಂದ ಕರೆಂಟು ಕೊಡುವ ವ್ಯವಸ್ಥೆಯೇ ಇಲ್ಲ. ಹೊರಗಿನಿಂದ ಅದಕ್ಕೆ ಒದಗುವ ಶಕ್ತಿ ಒಂದೇ ಒಂದು, ಬಂಕಿನಲ್ಲಿ ನೀವು ತುಂಬಿಸುವ ಪೆಟ್ರೋಲು. ಕಾರು ನಿಶ್ಶಬ್ದವಾಗಿ ಚಲಿಸುವಾಗ ಮೀಟರಿನಲ್ಲಿ 'ಇವಿ' ಎಂಬ ಹಸಿರು ದೀಪ ಉರಿಯುತ್ತದೆ. ಆ ಹೊತ್ತಿನಲ್ಲಿ ಖರ್ಚಾಗುತ್ತಿರುವ ಕರೆಂಟು ಕೂಡ ಸ್ವಲ್ಪ ಹೊತ್ತಿನ ಹಿಂದೆ ಉರಿದ ಪೆಟ್ರೋಲಿನಿಂದಲೇ ಹುಟ್ಟಿದ್ದು. ಇಂಜಿನ್ ನೇರವಾಗಿ ಜನರೇಟರನ್ನು ತಿರುಗಿಸಿ ಬ್ಯಾಟರಿಗೆ ತುಂಬಿಸಿರಬಹುದು, ಇಲ್ಲವೇ ಪೆಟ್ರೋಲು ಉರಿಸಿ ಗಳಿಸಿದ ವೇಗವನ್ನು ಅಥವಾ ಏರಿದ ಎತ್ತರವನ್ನು ಬ್ರೇಕ್ ಹಾಕುವಾಗ ಮೋಟಾರು ಮರಳಿ ಕರೆಂಟಾಗಿಸಿರಬಹುದು. ಮೂರನೆಯ ದಾರಿಯಿಲ್ಲ. ಆದ್ದರಿಂದ ಕರೆಂಟಿನಲ್ಲಿ ಎಷ್ಟು ದೂರ ಎಂದು ಕೇಳುವ ಬದಲು, ಹಾಳಾಗಿ ಹೋಗುವ ಪೆಟ್ರೋಲಿನಲ್ಲಿ ಎಷ್ಟು ಉಳಿಯುತ್ತದೆ ಎಂದು ಕೇಳಬೇಕು.

ಇದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಜನರನ್ನೂ ಸೇರಿಸಿ 1500 ಕಿಲೋ ತೂಗುವ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವಾಗ ಅದರ ಚಲನೆಯಲ್ಲಿರುವ ಶಕ್ತಿ ಸುಮಾರು 145 ಕಿಲೋಜೂಲ್. ಇಂಜಿನ್ನಿನ ಶಾಖದಲ್ಲಿ ಆಗುವ ನಷ್ಟವನ್ನೂ ಹಿಡಿದರೆ, ಅಷ್ಟು ವೇಗ ಗಳಿಸಲು ಹೆಚ್ಚುಕಡಿಮೆ 18 ಮಿಲಿಲೀಟರ್ ಪೆಟ್ರೋಲು ಬೇಕು. ಒಂದು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು. ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಆ ಶಕ್ತಿಯೆಲ್ಲ ಡಿಸ್ಕ್ ಮತ್ತು ಪ್ಯಾಡುಗಳ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ ಕಾರು ಹದವಾಗಿ ಬ್ರೇಕ್ ಹಾಕಿದಾಗ ಅದರಲ್ಲಿ ಒಂದು ದೊಡ್ಡ ಪಾಲನ್ನು ಹಿಂದಕ್ಕೆ ಪಡೆಯುತ್ತದೆ. ಜೊತೆಗೆ ಸಿಗ್ನಲಿನಲ್ಲಿ ನಿಂತಾಗ, ತೆವಳುವಾಗ ಇಂಜಿನ್ ಆರಿರುತ್ತದೆ. ಪೆಟ್ರೋಲ್ ಇಂಜಿನ್ ಅತ್ಯಂತ ಹೆಚ್ಚು ಪೋಲು ಮಾಡುವುದು ಇಂಥ ಹೊತ್ತಿನಲ್ಲೇ.

ಹಾಗಾಗಿ ಕೊಟ್ಟಾರ ಚೌಕಿಯಿಂದ ಲಾಲ್‌ಬಾಗ್, ಬಂಟ್ಸ್ ಹಾಸ್ಟೆಲ್, ಜ್ಯೋತಿ ದಾಟಿ ಕಂಕನಾಡಿಗೆ, ಸರ್ವಿಸ್ ಬಸ್ಸು ನಿಂತಲ್ಲೆಲ್ಲ ಹಿಂದೆ ನಿಲ್ಲುತ್ತ ದಿನಾ ಓಡಾಡುವವರಿಗೆ ಹೈಬ್ರಿಡ್ ಕೊಡುವ ಉಳಿತಾಯ ದೊಡ್ಡದು. ಅದೇ ಕಾರನ್ನು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್ಲಿನಿಂದ ಉಡುಪಿಯವರೆಗೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬಿಡುವವರಿಗೆ ಅಷ್ಟಿಲ್ಲ, ಏಕೆಂದರೆ ಅಲ್ಲಿ ಮರಳಿ ಪಡೆಯಲು ಬ್ರೇಕೇ ಇಲ್ಲ. ಪೆಟ್ರೋಲೆಲ್ಲ ಗಾಳಿಯನ್ನು ಸೀಳುವುದಕ್ಕೆ ಹೋಗುತ್ತದೆ, ಗಾಳಿಯ ತಡೆಯನ್ನು ಯಾವ ಮೋಟಾರೂ ಹಿಂದಿರುಗಿಸಿ ಕೊಡದು. 80ರಿಂದ 100ಕ್ಕೆ ಏರಿದರೆ ಆ ತಡೆ ಒಂದೂವರೆ ಪಟ್ಟು ಮೀರುತ್ತದೆ. ಇಂಥ ಕಾರುಗಳ ಇಂಜಿನ್ನನ್ನೇ ಮಿತವ್ಯಯಕ್ಕೆಂದು ರೂಪಿಸಿರುವುದರಿಂದ ಹೆದ್ದಾರಿಯಲ್ಲೂ ಸ್ವಲ್ಪ ಲಾಭ ಇದ್ದೇ ಇದೆ. ಆದರೆ ಅದು ಪೇಟೆಯ ಲಾಭಕ್ಕೆ ಸಮನಲ್ಲ.

ಘಾಟಿಯ ವಿಚಾರ ಇನ್ನೂ ಸ್ವಾರಸ್ಯದ್ದು. ಬೆಂಗಳೂರಿನಿಂದ ಹೊಸ ಹೈಬ್ರಿಡ್ ಕಾರಿನಲ್ಲಿ ಶಿರಾಡಿ ಇಳಿದು ಬಂದ ದಂಪತಿ ಮರುದಿನ ಬೆಳಗ್ಗೆಯೇ ಗಾಬರಿಯಿಂದ ನನ್ನ ಬಾಗಿಲಿಗೆ ಬಂದಿದ್ದರು. "ಅರ್ಧ ಘಾಟಿ ಇಳಿಯುವಷ್ಟರಲ್ಲಿ ಇಂಜಿನ್ ಜೋರಾಗಿ ಕೂಗಲಿಕ್ಕೆ ಶುರುವಾಯಿತು, ನಾವು ಆಕ್ಸಿಲರೇಟರ್ ಮುಟ್ಟಲೇ ಇಲ್ಲ," ಎಂದು ಆ ತಾಯಿ ಹೇಳಿದರು. ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಸಕಲೇಶಪುರದ ಕಡೆಯಿಂದ ಗುಂಡ್ಯಕ್ಕೆ ಬರುವಾಗ ಇಳಿಯುವ ಎತ್ತರ ಸುಮಾರು 800 ಮೀಟರ್ ಎಂದು ಹಿಡಿದರೆ, 1500 ಕಿಲೋ ತೂಕದ ಕಾರು ಬಿಟ್ಟುಕೊಡುವ ಶಕ್ತಿ ಮೂರು ಯೂನಿಟ್ ಕರೆಂಟಿಗಿಂತ ಹೆಚ್ಚು. ರಸ್ತೆಯ ಮತ್ತು ಗಾಳಿಯ ತಡೆಗೆ ಹೋದದ್ದನ್ನು ಕಳೆದರೂ ಎರಡು ಯೂನಿಟ್ಟಿನ ಆಸುಪಾಸು ಉಳಿಯುತ್ತದೆ. ಆ ವರ್ಗದ ಹೈಬ್ರಿಡ್ ಕಾರಿನ ಬ್ಯಾಟರಿಯೋ ಒಂದು ಯೂನಿಟ್ಟನ್ನೂ ಹಿಡಿಯದು. ಪಾತ್ರೆ ತುಂಬಿದ ಮೇಲೆ ಮಿಕ್ಕ ಶಕ್ತಿಯನ್ನು ಕಳೆಯಲು ಕಾರು ಪೆಟ್ರೋಲು ಸುಡದೆಯೇ ಇಂಜಿನ್ನನ್ನು ಸುಮ್ಮನೆ ತಿರುಗಿಸುತ್ತದೆ, ಅವರು ಕೇಳಿದ ಸದ್ದು ಅದು. ಹತ್ತುವಾಗ ಸುಟ್ಟ ಪೆಟ್ರೋಲೆಲ್ಲ ಇಳಿಯುವಾಗ ಮರಳಿ ಬರುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ.

ಮೈಲ್ಡ್ ಹೈಬ್ರಿಡ್ ಎಂಬುದರ ಬಗ್ಗೆ ಎರಡೇ ಮಾತು. ಅದರ ಪುಟ್ಟ ಮೋಟಾರು ಇಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ನಮ್ಮಲ್ಲಿ ಹೆಚ್ಚಾಗಿ ಸಿಗುವ ಮಾದರಿಗಳಲ್ಲಿ ಕಾರನ್ನು ತಾನೊಂದೇ ಎಳೆಯಲಾರದು. ನಾನು ಈವರೆಗೆ ಹೇಳಿದ, ಮೋಟಾರೊಂದೇ ಎಳೆಯಬಲ್ಲ ಬಗೆಗೆ ಸ್ಟ್ರಾಂಗ್ ಹೈಬ್ರಿಡ್ ಎನ್ನುತ್ತಾರೆ. 2022ರಲ್ಲಿ ಬಂದ ಗ್ರ್ಯಾಂಡ್ ವಿಟಾರಾ ಕಾರಿನ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ ಕಂಪನಿ ಹೇಳಿದ ಮೈಲೇಜು ಲೀಟರಿಗೆ 27.97 ಕಿಲೋಮೀಟರ್, ಅದೇ ಕಾರಿನ ಮೈಲ್ಡ್ ಹೈಬ್ರಿಡ್ ಮ್ಯಾನ್ಯುವಲ್ ಮಾದರಿಗೆ 21.11. ಎರಡೂ ಪ್ರಯೋಗಾಲಯದ ಅಂಕಿಗಳು, ರಸ್ತೆಯಲ್ಲಿ ಎರಡೂ ಇಳಿಯುತ್ತವೆ. ಆದರೂ ಒಂದೇ ಹೆಸರಿನಡಿ ಮಾರಾಟವಾಗುವ ಈ ಎರಡು ಯಂತ್ರಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ತಿಳಿಯಲು ಅಷ್ಟು ಸಾಕು.

ಪರಿಸರದ ಪ್ರಶ್ನೆಗೆ ಬಂದರೆ, ರಸ್ತೆಯಷ್ಟೇ ಮುಖ್ಯವಾದದ್ದು ವರ್ಷಕ್ಕೆ ಎಷ್ಟು ಓಡಿಸುತ್ತೀರಿ ಎಂಬುದು. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಜ್ಪೆ ವಿಮಾನ ನಿಲ್ದಾಣಕ್ಕೆ ಬಾಡಿಗೆ ಓಡಿಸುವ ಚಾಲಕರು ವರ್ಷಕ್ಕೆ 60,000 ಕಿಲೋಮೀಟರ್ ಓಡುತ್ತಾರೆ ಎನ್ನೋಣ. ಲೀಟರಿಗೆ 14 ಕೊಡುವ ಕಾರಿನ ಬದಲು 20 ಕೊಡುವ ಹೈಬ್ರಿಡ್ ಇದ್ದರೆ ಅವರಿಗೆ ವರ್ಷಕ್ಕೆ 1,285 ಲೀಟರಿನಷ್ಟು ಪೆಟ್ರೋಲು ಉಳಿಯುತ್ತದೆ, ಅಂದರೆ ಮೂರು ಟನ್ನಿನ ಹತ್ತಿರ ಹೊಗೆ. ಹೊಸ ಕಾರನ್ನು ತಯಾರಿಸುವಾಗಲೂ ಕಬ್ಬಿಣ, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಬ್ಯಾಟರಿ ಎಂದು ಹಲವು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಲೆಕ್ಕ ಹಾಕುವ ಕ್ರಮಕ್ಕೆ ತಕ್ಕಂತೆ ಅಂಕಿ ಬದಲಾಗುವುದಾದರೂ ಆರು ಟನ್ ಎಂದಿಟ್ಟುಕೊಂಡರೆ, ಆ ಚಾಲಕರು ಎರಡೇ ವರ್ಷದಲ್ಲಿ ಆ ಸಾಲವನ್ನು ತೀರಿಸಿಬಿಡುತ್ತಾರೆ.

ಕೊಲ್ಲಿಯಿಂದ ಬಂದ ಆ ಗ್ರಾಹಕರ ಕಾರು ಓಡುವುದು ವರ್ಷಕ್ಕೆ 3,000 ಕಿಲೋಮೀಟರ್. ಅದೇ ಲೆಕ್ಕದಲ್ಲಿ ಅವರಿಗೆ ಉಳಿಯುವುದು 64 ಲೀಟರ್, ಸುಮಾರು 150 ಕಿಲೋ ಹೊಗೆ. ಆರು ಟನ್ ತೀರಿಸಲು ನಲವತ್ತು ವರ್ಷ ಬೇಕು. "ಹಳೆಯದನ್ನು ಮಾರಿದ್ರೆ ಬೇರೆಯವರು ಓಡಿಸ್ತಾರಲ್ಲ, ಕಾರು ಹಾಳಾಗುವುದಿಲ್ಲವಲ್ಲ," ಎಂದು ಅವರು ಕೇಳಿದರು. ಅದು ಸರಿಯಾದ ಪ್ರಶ್ನೆ. ಅದನ್ನು ಕೊಂಡವರು ಅದಕ್ಕಿಂತಲೂ ಹೆಚ್ಚು ಹೊಗೆ ಉಗುಳುವ ತಮ್ಮ ಕಾರನ್ನು ಗುಜರಿಗೆ ಹಾಕಿದರೆ ಲೆಕ್ಕ ಸ್ವಲ್ಪ ಸುಧಾರಿಸುತ್ತದೆ. ಹಾಗಾಗದಿದ್ದರೆ ರಸ್ತೆಗೆ ಒಂದು ಕಾರು ಹೆಚ್ಚಾಯಿತು, ಹಳೆಯ ಹೊಗೆ ಇನ್ನೊಬ್ಬರ ಮನೆಯಂಗಳಕ್ಕೆ ಹೋಯಿತು.

ಹಾಗಾದರೆ ಪೂರ್ತಿ ಎಲೆಕ್ಟ್ರಿಕ್ ಕಾರೇ ಆಗಬಹುದಲ್ಲ ಎಂದು ಕೇಳುವವರಿದ್ದಾರೆ. ನಮ್ಮ ದೇಶದ ವಿದ್ಯುಜ್ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ 700 ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ನಮ್ಮದೇ ಪಡುಬಿದ್ರಿ ಸಮೀಪದ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಸ್ಥಾವರ ನಡೆಯುವುದು ಆಮದು ಕಲ್ಲಿದ್ದಲಿನಿಂದ. 100 ಕಿಲೋಮೀಟರಿಗೆ 15 ಯೂನಿಟ್ ಬಳಸುವ ಎಲೆಕ್ಟ್ರಿಕ್ ಕಾರಿನ ಲೆಕ್ಕಕ್ಕೆ ಕಿಲೋಮೀಟರಿಗೆ 105 ಗ್ರಾಂ ಬೀಳುತ್ತದೆ, ಲೀಟರಿಗೆ 20 ಕೊಡುವ ಹೈಬ್ರಿಡ್ ಕಾರಿಗೆ 115. ಇಂದಿಗೆ ಅಂತರ ಕಡಿಮೆ. ಆದರೆ ಸೌರ ಮತ್ತು ಗಾಳಿ ವಿದ್ಯುತ್ತು ಹೆಚ್ಚಿದಂತೆ ಮೊದಲನೆಯದು ಇಳಿಯುತ್ತ ಹೋಗುತ್ತದೆ, ಮನೆಯ ಮಾಡಿನ ಮೇಲೆ ಸೋಲಾರ್ ಇದ್ದವರಿಗೆ ಈಗಲೇ ಇಳಿದಿದೆ. ಎರಡನೆಯದು ಕಾರು ಗುಜರಿಗೆ ಹೋಗುವವರೆಗೂ ಪೆಟ್ರೋಲನ್ನೇ ನಂಬಿರುತ್ತದೆ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದು ಪೇಟೆಯಲ್ಲೇ ಓಡಾಡುವವರಿಗೆ ಹೈಬ್ರಿಡ್ ಕೊಳ್ಳಲು ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ಈಗಾಗಲೇ ಹೈಬ್ರಿಡ್ ಕೊಂಡವರು ದಯವಿಟ್ಟು ಹಿಂದಿನ ಸೀಟಿನ ಬಳಿ ಇರುವ ಗಾಳಿಕಿಂಡಿಯನ್ನು ಒಮ್ಮೆ ನೋಡಿ. ಹಲವು ಮಾದರಿಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಅಲ್ಲಿಂದಲೇ ಹೋಗಬೇಕು. ಅದರ ಎದುರು ಚೀಲ, ಹೊದಿಕೆ, ಒಮ್ಮೆ ತೆಂಗಿನಕಾಯಿಯ ಗೋಣಿಯನ್ನೂ ಇಟ್ಟದ್ದನ್ನು ನಾನು ಕಂಡಿದ್ದೇನೆ. ಕರಾವಳಿಯ ಸೆಖೆಯಲ್ಲಿ ಬ್ಯಾಟರಿ ಬೇಗ ಕೆಟ್ಟು ಹೊಸತನ್ನು ಹಾಕಬೇಕಾಗಿ ಬಂದರೆ ಉಳಿಸಿದ್ದರ ಒಂದು ಪಾಲು ಅಲ್ಲಿಗೇ ಹೋಗುತ್ತದೆ.

ಕೊಲ್ಲಿಯ ಗ್ರಾಹಕರು ಹಳೆಯ ಕಾರನ್ನೇ ಇಟ್ಟುಕೊಂಡರು. ಅದರ ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್ ಬದಲಿಸಿ, ಟಯರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಹೊಗೆ ತಪಾಸಣೆ ಮಾಡಿಸಿ ಕೊಟ್ಟೆ. ದಿನವೂ ಮಣಿಪಾಲಕ್ಕೆ ಕೆಲಸಕ್ಕೆ ಹೋಗುವ ಅವರ ತಂಗಿ ಮಾತ್ರ, ತನ್ನ ದಾರಿಯ ಸಿಗ್ನಲುಗಳನ್ನೂ ತಿಂಗಳ ಕಿಲೋಮೀಟರುಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಮರುವಾರ ಬಂದಿದ್ದರು.