ಡ್ರಾಫ್ಟ್‌ಗೆ ಮುಂಚೆ ಫ್ರೀ ಥ್ರೋ ನೋಡಿ

ಅಮೆರಿಕದ ಕಾಲೇಜು ಹುಡುಗನೊಬ್ಬ ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಸಲ್ಲುತ್ತಾನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ, ನಾನು ಮೊದಲು ತೆಗೆಯುವುದು ಅವನ ಫ್ರೀ ಥ್ರೋ ಲೆಕ್ಕ. ಕೇಳಿದವರಿಗೆ ಸಪ್ಪೆ ಅನಿಸುತ್ತದೆ. ಎದುರಾಳಿ ಫೌಲ್ ಮಾಡಿದಾಗ, ಯಾರೂ ಅಡ್ಡ ಬರದೆ, ನಿಂತಲ್ಲೇ ಬುಟ್ಟಿಗೆ ಹಾಕುವ ಚೆಂಡಿನಲ್ಲಿ ನೋಡುವುದೇನಿದೆ?

ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. 2017ರದ್ದನ್ನೇ ತೆಗೆದುಕೊಳ್ಳಿ. ಯುಸಿಎಲ್‌ಎಯ ಲೊಂಜೊ ಬಾಲ್ ಎರಡನೆಯವನಾಗಿ ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡಕ್ಕೆ ಹೋದ, ಡ್ಯೂಕ್‌ನ ಜೇಸನ್ ಟೇಟಮ್ ಮೂರನೆಯವನಾಗಿ ಬೋಸ್ಟನ್‌ಗೆ. ಇಬ್ಬರೂ ಕಾಲೇಜಿನಲ್ಲಿ ಆಡಿದ್ದು ಒಂದೊಂದೇ ವರ್ಷ. ದೂರದ ಗೆರೆಯಾಚೆಯಿಂದ ಹಾಕುವ, ಬಿದ್ದರೆ ಮೂರು ಪಾಯಿಂಟ್ ಸಿಗುವ ತ್ರೀ ಪಾಯಿಂಟರ್‌ನಲ್ಲಿ ಗುರಿ ಮುಟ್ಟಿದ್ದು ಬಾಲ್ ಶೇ. 41.2, ಟೇಟಮ್ ಶೇ. 34.2. ಇಷ್ಟನ್ನೇ ನೋಡಿದರೆ ಶೂಟರ್ ಯಾರೆಂದು ಕೇಳುವುದೇ ಬೇಡ. ಆದರೆ ಫ್ರೀ ಥ್ರೋದಲ್ಲಿ ಟೇಟಮ್ ಶೇ. 84.9, ಬಾಲ್ ಶೇ. 67.3. ಎನ್‌ಬಿಎಯ ಮೊದಲ ವರ್ಷ ಟೇಟಮ್‌ನ ತ್ರೀ ಶೇ. 43.4ಕ್ಕೆ ಏರಿತು, ಬಾಲ್‌ನದು 30.5ಕ್ಕೆ ಇಳಿಯಿತು. ಫ್ರೀ ಥ್ರೋಗಳಲ್ಲಿ ಅರ್ಧದಷ್ಟನ್ನೂ ಬಾಲ್ ಬುಟ್ಟಿಗೆ ಹಾಕಲಿಲ್ಲ.

ಕಾರಣ ಕಷ್ಟದ್ದೇನಲ್ಲ. ಒಂದು ಸೀಸನ್‌ನಲ್ಲಿ 120 ತ್ರೀ ಹಾಕುವ ಹುಡುಗನಿಗೆ ಅದೃಷ್ಟದಿಂದ ಐದು ಹೆಚ್ಚು ಬಿದ್ದರೂ ಸಾಕು, ಲೆಕ್ಕ ನಾಲ್ಕು ಅಂಶ ಮೇಲೇರುತ್ತದೆ. ಮೇಲಾಗಿ ತ್ರೀ ಗೆರೆಯೇ ಬೇರೆ: ಆಗ ಕಾಲೇಜಿನಲ್ಲಿ 20 ಅಡಿ 9 ಇಂಚು, ಎನ್‌ಬಿಎಯಲ್ಲಿ 23 ಅಡಿ 9 ಇಂಚು, ಮೂಲೆಯಲ್ಲಿ 22 ಅಡಿ. ಕಾಲೇಜಿನವರು 2019ರಲ್ಲಿ ಗೆರೆಯನ್ನು ಹಿಂದೆ ಸರಿಸಿದರು, ಆದರೂ ಅಂತರ ಪೂರ್ತಿ ಮುಚ್ಚಿಲ್ಲ. ಫ್ರೀ ಥ್ರೋ ಗೆರೆ ಮಾತ್ರ ಎರಡೂ ಕಡೆ 15 ಅಡಿಯೇ. ಮೊಣಕೈ, ಮಣಿಕಟ್ಟು ನೆಟ್ಟಗೆ ಕೆಲಸ ಮಾಡುತ್ತಿವೆಯೇ ಎಂಬುದು ಅಲ್ಲಿ ಬಯಲಾಗುತ್ತದೆ.

ಅದೇ ವರ್ಷ ಮೊದಲನೆಯವನಾಗಿ ಹೋದ ಮಾರ್ಕೆಲ್ ಫುಲ್ಟ್ಸ್‌ನದೂ ಇಂಥದೇ ಲೆಕ್ಕ: ತ್ರೀ ಶೇ. 41.3, ಫ್ರೀ ಥ್ರೋ ಶೇ. 64.9. ಅವನ ಶೂಟಿಂಗ್ ಕುಸಿದದ್ದು ಎಲ್ಲರಿಗೂ ಗೊತ್ತು. ಆದರೆ ಭುಜದ ಬಳಿ ನರ ಒತ್ತುತ್ತಿತ್ತೆಂದು ವೈದ್ಯರು ಆಮೇಲೆ ಹೇಳಿದ್ದರಿಂದ ಅವನನ್ನು ನನ್ನ ವಾದಕ್ಕೆ ಸಾಕ್ಷಿಯಾಗಿ ನಾನು ಕರೆಯುವುದಿಲ್ಲ. ಫ್ರೀ ಥ್ರೋ ಹಣೆಬರಹವೂ ಅಲ್ಲ. ನ್ಯೂ ಓರ್ಲಿಯನ್ಸ್ ತಂಡಕ್ಕೆ ಹೋದ ಮೇಲೆ ಬಾಲ್ ಚೆಂಡು ಬಿಡುವ ರೀತಿಯನ್ನೇ ಬದಲಿಸಿಕೊಂಡ. 2020–21ರಲ್ಲಿ ಅವನ ಫ್ರೀ ಥ್ರೋ ಶೇ. 78.1, ತ್ರೀ ಶೇ. 37.8. ಎರಡೂ ಜೊತೆಯಾಗಿಯೇ ಏರಿದವು. ಅಷ್ಟು ವರ್ಷ ಕಾಯುವ ತಾಳ್ಮೆ ಆರಿಸುವ ತಂಡಕ್ಕೆ ಇದೆಯೇ ಎಂಬುದು ಬೇರೆ ಪ್ರಶ್ನೆ.

ಇನ್ನು ವಿಡಿಯೊ. ಹೈಲೈಟ್ ನೋಡಿ ಆಟಗಾರನನ್ನು ಆರಿಸುವುದೆಂದರೆ ಫೋಟೊ ನೋಡಿ ಗಂಡು ಒಪ್ಪಿದ ಹಾಗೆ. ನಾನು ಪೂರ್ತಿ ಪಂದ್ಯ ಹಾಕಿಕೊಂಡು ಹುಡುಗನ ಕೈಯಲ್ಲಿ ಚೆಂಡಿಲ್ಲದ ಹೊತ್ತನ್ನೇ ನೋಡುತ್ತೇನೆ: ಎಲ್ಲಿ ನಿಲ್ಲುತ್ತಾನೆ, ಎದುರಾಳಿ ದಾರಿಗಡ್ಡ ನಿಂತು ಸ್ಕ್ರೀನ್ ಹಾಕಿದರೆ ಹೇಗೆ ದಾಟುತ್ತಾನೆ, ತನಗಿಂತ ಚುರುಕಿನವನು ಎದುರು ಬಂದರೆ ಕಾಲು ಸರಿಯುತ್ತದೆಯೇ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಜಿಮ್ಮರ್ ಫ್ರೆಡೆಟ್ 2010–11ರಲ್ಲಿ ಪಂದ್ಯಕ್ಕೆ 28.9 ಪಾಯಿಂಟ್ ಹೊಡೆದು ದೇಶಕ್ಕೇ ಮೊದಲಿಗನಾಗಿದ್ದ, ಹತ್ತನೆಯವನಾಗಿ ಡ್ರಾಫ್ಟ್ ಆದ. ಆದರೆ ಕಾಲೇಜಿನಲ್ಲಿ ಆಟವೆಲ್ಲ ಅವನ ಸುತ್ತಲೇ ತಿರುಗುತ್ತಿತ್ತು. ಎನ್‌ಬಿಎಯಲ್ಲಿ ಯಾರೂ ಅವನಿಗೆ ಅಷ್ಟು ಹೊತ್ತು ಚೆಂಡು ಬಿಟ್ಟುಕೊಡಲಿಲ್ಲ, ಚೆಂಡಿಲ್ಲದಾಗ ಡಿಫೆನ್ಸ್‌ನಲ್ಲಿ ಅವನ ಕಾಲು ಸಾಲಲಿಲ್ಲ.

ಡ್ರಾಫ್ಟ್‌ಗೆ ಮುಂಚೆ ಷಿಕಾಗೋದಲ್ಲಿ ನಡೆಯುವ ಕಂಬೈನ್ ಎಂಬ ದೇಹಪರೀಕ್ಷೆಯ ಅಳತೆಗಳಲ್ಲಿ ಚಾಚಿದ ತೋಳಿನ ಉದ್ದವನ್ನು ತಪ್ಪದೆ ಬರೆದುಕೊಳ್ಳುತ್ತೇನೆ, ಅದನ್ನು ಯಾವ ಕೋಚೂ ಬೆಳೆಸಲಾರ. ಭಾರ ಎತ್ತುವ ಪರೀಕ್ಷೆ ನನಗೆ ಬೇಡ. 2007ರಲ್ಲಿ, ಆಮೇಲೆ ಎನ್‌ಬಿಎಯ ದೊಡ್ಡ ತಾರೆಯಾದ ಕೆವಿನ್ ಡ್ಯುರಾಂಟ್ 185 ಪೌಂಡನ್ನು ಒಮ್ಮೆಯೂ ಎತ್ತಲಿಲ್ಲ, ಸಿಯಾಟಲ್ ಅವನನ್ನೇ ಎರಡನೆಯವನಾಗಿ ಆರಿಸಿತು.

ವೈದ್ಯರ ವರದಿಯ ಮುಂದೆ ಮಾತ್ರ ನನ್ನ ಟಿಪ್ಪಣಿಗೆ ಬೆಲೆಯಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ ಮೈಕಲ್ ಪೋರ್ಟರ್ ಜೂನಿಯರ್ ಕಾಲೇಜಿನಲ್ಲಿ ಮಿಜೌರಿ ತಂಡಕ್ಕೆ ಆಡಿದ್ದು ಮೂರೇ ಪಂದ್ಯ. ಮೂರು ಪಂದ್ಯದಲ್ಲಿ ನನ್ನಂಥವರು ನೋಡುವುದೇನು? 2018ರ ಡ್ರಾಫ್ಟ್‌ನಲ್ಲಿ ಅವನು 14ನೆಯ ಸ್ಥಾನಕ್ಕೆ ಜಾರಿದ. ಆರಿಸಿಕೊಂಡ ಡೆನ್ವರ್ ಮೊದಲ ಸೀಸನ್ ಪೂರ್ತಿ ಅವನನ್ನು ಕೂರಿಸಿತು. 2023ರಲ್ಲಿ ಡೆನ್ವರ್ ಚಾಂಪಿಯನ್ ಆದಾಗ ಮೊದಲ ಐವರಲ್ಲಿ ಅವನೂ ಇದ್ದ.