ಮರೆವಿನ ಕಾಯಿಲೆ: ಕಾನೂನು ಬಂತು, ನೋಡಿಕೊಳ್ಳುವವರು ಯಾರು?

ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಈಗ ಉಳಿದಿರುವುದು ಅಜ್ಜ, ಅಜ್ಜಿ ಮಾತ್ರ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಅಂಥ ಮನೆಗೆ ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆ ಬಂದರೆ? ಅಜ್ಜ ರಾತ್ರಿ ಎರಡಕ್ಕೆ ಎದ್ದು, ಗಂಬೂಟು ಹಾಕಿ, ಸ್ಪ್ರಿಂಕ್ಲರ್ ಮೋಟಾರ್ ಹಾಕಲು ಹೊರಡುತ್ತಾರೆ. ಹೊರಗೆ ಜೂನ್ ಮಳೆ ಸುರಿಯುತ್ತಿರುತ್ತದೆ. ಸಿದ್ದಾಪುರದ ಕಡೆಯಾದರೆ ತೋಟದಲ್ಲಿ ಆನೆಯೂ ಇರಬಹುದು.

ಸರ್ಕಾರದ ಕಣ್ಣಿಗೆ ಇದು ಬಿದ್ದದ್ದು ತಡವಾಗಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿಯಲ್ಲಿ ನಡೆಸಿದ ಮಾನಸಿಕ ಆರೋಗ್ಯ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಅಲ್ಲಿ ಒತ್ತು ಇದ್ದದ್ದು ತೀವ್ರ ಮನೋರೋಗ, ಮೂರ್ಛೆ ರೋಗಗಳ ಮೇಲೆ. ಮುದುಕರ ಮರೆವನ್ನು 'ಅರಳು ಮರಳು' ಅಂತ ಮನೆಯವರೇ ಸುಮ್ನೆ ಬಿಟ್ಟಿದ್ದರು.

1999ರಲ್ಲಿ ಹಿರಿಯರಿಗಾಗಿ ರಾಷ್ಟ್ರೀಯ ನೀತಿ ಬಂತು. 2007ರಲ್ಲಿ ಪೋಷಕರ ಪಾಲನೆಯ ಕಾನೂನು. ಮಕ್ಕಳು ನೋಡಿಕೊಳ್ಳದಿದ್ದರೆ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನನಗೆ ಇಲ್ಲೇ ತಕರಾರು. ದುಡ್ಡು ಕಳಿಸುವ ಮಕ್ಕಳು ಕೊಡಗಿನಲ್ಲಿ ಬೇಕಾದಷ್ಟು ಇದ್ದಾರೆ. ರಾತ್ರಿ ಬಾಗಿಲು ಕಾಯುವವರು ಇಲ್ಲ, ಅಷ್ಟೇ. ಕೊನೆಗೆ ಆ ಕೆಲಸ ಬೀಳುವುದು ಅಜ್ಜಿಯ ಮೇಲೆ, ಇಲ್ಲವೇ ತೋಟದ ಕೆಲಸಗಾರರ ಲೈನ್‌ಮನೆಯ ಹೆಂಗಸಿನ ಮೇಲೆ. ತರಬೇತಿಯೂ ಇಲ್ಲ, ರಜೆಯೂ ಇಲ್ಲ.

2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಿಮೆನ್ಶಿಯಾಗೆಂದೇ ಜಾಗತಿಕ ಯೋಜನೆ ಮಾಡಿತು. ನೋಡಿಕೊಳ್ಳುವವರಿಗೆ ನೆರವು ಅದರ ಏಳು ಅಂಶಗಳಲ್ಲಿ ಒಂದು. ಕರ್ನಾಟಕ 2022ರಲ್ಲಿ ನಿಮ್ಹಾನ್ಸ್ ಜೊತೆ ಮೆದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ನಗರದ ದಕ್ಷಿಣ ಭಾಗದಲ್ಲಿ. ಆಮೇಲೆ ಉಳಿದ ಜಿಲ್ಲೆಗಳತ್ತ ಹೊರಟಿತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಈ ಕಾಯಿಲೆ ಇದೆ.

2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದವರಿಗೆಲ್ಲ ಆಯುಷ್ಮಾನ್ ಆರೋಗ್ಯ ವಿಮೆ ಘೋಷಿಸಿತು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಆದರೆ ಅದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ಡಿಮೆನ್ಶಿಯಾ ಇರುವವರು ವರ್ಷಗಟ್ಟಲೆ ಇರುವುದು ಮನೆಯಲ್ಲೇ ಅಲ್ವಾ?

ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ ಹಿರಿಯರಿಗೆ ಒಂದು ಪ್ರಶ್ನೆ ಇದೆ: ಹತ್ತಿರದವರ ಹೆಸರು, ಮನೆ ವಿಳಾಸ ಮರೆಯುತ್ತೀರಾ? 'ಹೌದು' ಅಂದವರನ್ನು ಡಾಕ್ಟರ ಹತ್ತಿರ ಕಳಿಸಬೇಕು. ಅಜ್ಜನನ್ನು ಮಡಿಕೇರಿಗೆ ಕರೆದುಕೊಂಡು ಹೋಗುವವರು ಯಾರು, ಅಜ್ಜಿಗೆ ವಾರಕ್ಕೊಂದು ದಿನವಾದರೂ ಬಿಡುವು ಕೊಡುವವರು ಯಾರು ಅನ್ನುವುದಕ್ಕೆ ಆ ಫಾರಂನಲ್ಲಿ ಕಾಲಂ ಇಲ್ಲ.