ಮೀಟರಿಗೆ ಕಾಣದ ಕಲ್ಮಶ

ನೀರು ಶುದ್ಧೀಕರಿಸುವ ಯಂತ್ರಗಳನ್ನು ಮಾರುವವರು ಮಾಡಿ ತೋರಿಸುವ ಪ್ರಯೋಗವೊಂದಿದೆ. ಎರಡು ಗಾಜಿನ ಲೋಟಗಳು. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಯಂತ್ರದಿಂದ ಬಂದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ ಹರಿಸಿದರೆ, ಸ್ವಲ್ಪ ಹೊತ್ತಿನಲ್ಲೇ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ನೊರೆ ಕಟ್ಟಿ, ತಳದಲ್ಲಿ ರಾಡಿ ನಿಲ್ಲುತ್ತದೆ. ಯಂತ್ರದ ನೀರು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ‘ಇಷ್ಟು ದಿನ ನೀವು ಕುಡಿಯುತ್ತಿದ್ದುದು ಇದನ್ನೇ’ ಎಂದರೆ ನೋಡಿದವರಿಗೆ ಹೊಟ್ಟೆ ತೊಳಸದೆ ಇರುತ್ತದೆಯೇ? ಆದರೆ ಆ ರಾಡಿ ನೀರಿನಲ್ಲಿ ಇದ್ದದ್ದೇ ಅಲ್ಲ. ಅದು ಕಬ್ಬಿಣದ ಕಡ್ಡಿ ಕರಗಿ ಉಂಟಾದ ಹೈಡ್ರಾಕ್ಸೈಡ್, ಹೆಚ್ಚುಕಡಿಮೆ ತುಕ್ಕು. ನಲ್ಲಿ ನೀರಿನಲ್ಲಿ ಕರಗಿರುವ ಲವಣಗಳ ಅಯಾನುಗಳು, ಅಂದರೆ ವಿದ್ಯುದಾವೇಶವಿರುವ ಕಣಗಳು, ವಿದ್ಯುತ್ತನ್ನು ಒಯ್ಯುತ್ತವೆ, ಹಾಗಾಗಿ ಕಡ್ಡಿ ಸವೆಯುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಸಾಗುವುದಿಲ್ಲ, ಹಾಗಾಗಿ ಏನೂ ಆಗುವುದಿಲ್ಲ. ಆ ತಿಳಿನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ವಿದ್ಯುತ್ ಹರಿಸಿದರೆ ಅದೂ ಅಷ್ಟೇ ಕಂದಾಗುತ್ತದೆ.

ಈ ಪ್ರಯೋಗ ಬರೀ ಮೋಸವಾಗಿದ್ದರೆ ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಆದರೆ ಅದರ ಹಿಂದಿರುವ ತಪ್ಪು ನಂಬಿಕೆ ವಿದ್ಯಾವಂತರಲ್ಲೂ ಗಟ್ಟಿಯಾಗಿ ಬೇರೂರಿದೆ: ವಿದ್ಯುತ್ತನ್ನು ಎಷ್ಟು ಕಡಿಮೆ ಒಯ್ಯುತ್ತದೋ ನೀರು ಅಷ್ಟು ಶುದ್ಧ. ಜೇಬಿನಲ್ಲಿಟ್ಟುಕೊಳ್ಳುವ ಟಿಡಿಎಸ್ (ಕರಗಿರುವ ಒಟ್ಟು ಘನವಸ್ತು) ಮೀಟರ್ ಅಳೆಯುವುದೂ ಇದನ್ನೇ. ಅದು ಕರಗಿದ ಘನವಸ್ತುಗಳನ್ನು ತೂಗುವುದಿಲ್ಲ. ವಿದ್ಯುದ್ವಾಹಕತೆಯನ್ನು ಅಳೆದು, ಒಂದು ಗುಣಾಂಕದಿಂದ ಗುಣಿಸಿ, ಲವಣದ ಪ್ರಮಾಣ ಇಷ್ಟಿರಬಹುದು ಎಂದು ಅಂದಾಜು ಹೇಳುತ್ತದೆ. ಲವಣರಹಿತ ನೀರಿನಲ್ಲಿ ಒಂದು ಚಮಚ ಸಕ್ಕರೆ ಕರಗಿಸಿ ಮೀಟರ್ ಅದ್ದಿದರೆ ಅದರ ಅಂಕಿ ಬಹುಮಟ್ಟಿಗೆ ಕದಲುವುದೇ ಇಲ್ಲ, ಏಕೆಂದರೆ ಸಕ್ಕರೆಯ ಅಣುವಿಗೆ ವಿದ್ಯುದಾವೇಶವಿಲ್ಲ. ಬ್ಯಾಕ್ಟೀರಿಯಾ, ವೈರಸ್, ಬಹುಪಾಲು ಕೀಟನಾಶಕಗಳ ಕತೆಯೂ ಇದೇ. ಶುದ್ಧತೆ ಎಂಬುದು ಒಂದೇ ಅಂಕಿಯಲ್ಲಿ ಹೇಳಬಹುದಾದ ಗುಣವಲ್ಲ ಎಂಬುದನ್ನು ಚಿಪ್ ತಯಾರಕರು, ಔಷಧ ತಯಾರಕರು ಮತ್ತು ಕುಡಿಯುವ ನೀರು ಪೂರೈಸುವವರು ಬೇರೆ ಬೇರೆ ದಾರಿಗಳಲ್ಲಿ, ಸಾಕಷ್ಟು ನಷ್ಟ ಅನುಭವಿಸಿಯೇ ಕಲಿತಿದ್ದಾರೆ.

ಮೊದಲು ಆ ಅಂಕಿಯ ಕೊನೆಯನ್ನೇ ಮುಟ್ಟಿ ನೋಡೋಣ. 1894ರಲ್ಲಿ ಜರ್ಮನಿಯ ಫ್ರೀಡ್ರಿಕ್ ಕೋಲ್‌ರಾಷ್ ಮತ್ತು ಅಡಾಲ್ಫ್ ಹೈಡ್‌ವೈಲರ್ ನೀರನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಿ, ಅದರ ವಾಹಕತೆ ಶೂನ್ಯಕ್ಕೆ ಇಳಿಯದೆ ಒಂದು ಹಂತದಲ್ಲಿ ನಿಂತುಬಿಡುವುದನ್ನು ಕಂಡರು. ಆ ಅಳಿದುಳಿದ ವಾಹಕತೆ ಕಲ್ಮಶದ್ದಲ್ಲ, ನೀರಿನದೇ. ಯಾವುದೇ ಕ್ಷಣದಲ್ಲಿ ಸುಮಾರು 55 ಕೋಟಿ ನೀರಿನ ಅಣುಗಳಲ್ಲಿ ಒಂದು ತಾನಾಗಿಯೇ ಒಡೆದು ಎರಡು ಅಯಾನುಗಳಾಗಿರುತ್ತದೆ. ಇದರಿಂದಾಗಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ರೋಧಶೀಲತೆ (ವಾಹಕತೆಯ ವಿಲೋಮ, ವಿದ್ಯುತ್ತಿಗೆ ಒಡ್ಡುವ ತಡೆ) 18.2 ಮೆಗಾಓಮ್-ಸೆಂಟಿಮೀಟರಿಗಿಂತ ಮೇಲೇರಲು ಸಾಧ್ಯವಿಲ್ಲ. ಚಿಪ್ ತಯಾರಿಸುವ ಅರೆವಾಹಕ ಕಾರ್ಖಾನೆಗಳ ನೀರಿನ ಘಟಕದ ಫಲಕದ ಮೇಲೆ ಹಗಲಿರುಳು ಬೆಳಗುತ್ತಿರುವ ಅಂಕಿ ಇದೇ. ಶುದ್ಧ ನೀರಿನ ನೂರು ಕೋಟಿ ಭಾಗಗಳಿಗೆ ಒಂದೇ ಒಂದು ಭಾಗ ಅಡುಗೆ ಉಪ್ಪು ಬೆರೆತರೂ ಅದು 18.2ರಿಂದ ಸುಮಾರು 17.5ಕ್ಕೆ ಇಳಿಯುತ್ತದೆ. ಇಷ್ಟು ಸೂಕ್ಷ್ಮವಾದ ಸಾಧನವನ್ನು ನಂಬದೆ ಇರುವುದಾದರೂ ಹೇಗೆ?

ಆ ಅಂಕಿಯನ್ನು ತಲುಪುವ ದಾರಿಯಲ್ಲಿ ಇತಿಹಾಸದ ಸೋಜಿಗಗಳು ಸಾಲಾಗಿ ಸಿಗುತ್ತವೆ. ಲವಣದ ಬಹುಪಾಲನ್ನು ತಡೆಯುವ ಆರ್‌ಒ ಪೊರೆಯನ್ನು ಕೆಲಸಕ್ಕೆ ಬರುವಂತೆ ಮಾಡಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್. 1960ರ ಸುಮಾರಿಗೆ ಅವರು ರೂಪಿಸಿದ ಸೆಲ್ಯುಲೋಸ್ ಅಸಿಟೇಟ್ ಪೊರೆಯ ಹಿರಿಮೆಯೆಲ್ಲ ಅದರ ಒಂದು ಮುಖದಲ್ಲಿದ್ದ ಅತಿ ತೆಳುವಾದ ಬಿಗಿ ಪದರದಲ್ಲಿತ್ತು. ಪೊರೆಯನ್ನು ದಾಟಿ ಬಂದ ಅಯಾನುಗಳನ್ನು ಹಿಡಿಯುವ ವಿನಿಮಯ ರಾಳಗಳ ಮೂಲವಂತೂ ಹೊಲದ ಮಣ್ಣಿನಲ್ಲಿದೆ. ಗೊಬ್ಬರದ ಅಮೋನಿಯಂ ಲವಣವನ್ನು ಮಣ್ಣಿನ ಮೂಲಕ ಸೋಸಿದರೆ ಅಮೋನಿಯಂ ಅಲ್ಲೇ ಉಳಿದು ಕ್ಯಾಲ್ಸಿಯಂ ಹೊರಬರುವುದನ್ನು ಇಂಗ್ಲೆಂಡಿನ ಥಾಮ್ಸನ್ ಮತ್ತು ವೇ 1850ರಲ್ಲೇ ಪ್ರಕಟಿಸಿದ್ದರು. ಇಂದಿನ ರಾಳದ ಮಣಿಗಳು ಮಾಡುವುದೂ ಅದನ್ನೇ: ಸೋಡಿಯಂ ಅಯಾನನ್ನು ಒಳಗೆ ಸೆಳೆದುಕೊಂಡು ಹೈಡ್ರೊಜನ್ ಅಯಾನನ್ನು ಬಿಡುತ್ತವೆ, ಕ್ಲೋರೈಡನ್ನು ಸೆಳೆದುಕೊಂಡು ಹೈಡ್ರಾಕ್ಸೈಡನ್ನು ಬಿಡುತ್ತವೆ, ಬಿಟ್ಟದ್ದೆರಡೂ ಕೂಡಿ ನೀರೇ ಆಗುತ್ತದೆ. ಈ ಜಾಣ ಲೆಕ್ಕಾಚಾರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆದರೆ ಈ ರಾಳಕ್ಕೂ ಒಂದು ಕುರುಡುತನವಿದೆ, ಮತ್ತು ಅದು ಮೀಟರಿನ ಕುರುಡುತನವೇ ಆಗಿದೆ. ಬೋರಾನ್ ಅನ್ನು ನೋಡಿ. ನೀರಿನಲ್ಲಿ ಅದು ಬೋರಿಕ್ ಆಮ್ಲವಾಗಿರುತ್ತದೆ. ತಟಸ್ಥ ನೀರಿನಲ್ಲಿ ಈ ದುರ್ಬಲ ಆಮ್ಲದ ನೂರಕ್ಕೆ 99ಕ್ಕಿಂತ ಹೆಚ್ಚು ಪಾಲು ಅಯಾನಾಗಿ ಒಡೆಯುವುದೇ ಇಲ್ಲ. ಆವೇಶವಿಲ್ಲದ ಪುಟ್ಟ ಅಣುವಾದ್ದರಿಂದ ಆರ್‌ಒ ಪೊರೆಯನ್ನು ಗಣನೀಯ ಪ್ರಮಾಣದಲ್ಲಿ ದಾಟುತ್ತದೆ. ಅದನ್ನು ರಾಳ ಹಿಡಿಯುವುದೂ ಸಡಿಲವಾಗಿಯೇ. ರಾಳದ ಸಾಮರ್ಥ್ಯ ಮುಗಿಯುತ್ತ ಬಂದಾಗ ಎಲ್ಲಕ್ಕಿಂತ ಮೊದಲು ಜಾರಿಕೊಂಡು ಹೋಗುವವುಗಳಲ್ಲಿ ಬೋರಾನ್ ಒಂದು, ಅದರ ಜೊತೆಗಾರ ಸಿಲಿಕಾ ಇನ್ನೊಂದು. ಬೋರಾನ್ ಹೀಗೆ ಸೋರುತ್ತಿರುವಾಗಲೂ ಮೀಟರ್ 18.2 ಎಂದೇ ಹೇಳುತ್ತಿರುತ್ತದೆ: ಟಿಕೆಟ್ ಪಡೆದವರನ್ನು ಮಾತ್ರ ಎಣಿಸುವ ಕಂಡಕ್ಟರನ ಲೆಕ್ಕದಲ್ಲಿ ಟಿಕೆಟ್ ಇಲ್ಲದವನು ಬಸ್ಸಿನಲ್ಲೇ ಇಲ್ಲ. ಇಷ್ಟಕ್ಕೂ ಬೋರಾನ್ ಯಾವುದೋ ಅನಾಮಧೇಯ ಕಲ್ಮಶವಲ್ಲ. ಸಿಲಿಕಾನನ್ನು ಪಿ-ಮಾದರಿಯ ಅರೆವಾಹಕವಾಗಿಸಲು ಎಣಿಕೆಯ ಪ್ರಮಾಣದಲ್ಲಿ ಬೇಕೆಂದೇ ಸೇರಿಸುವ ಧಾತು ಅದು. ಅಂಥದ್ದು ಹೇಳದೆ ಕೇಳದೆ ತೊಳೆಯುವ ನೀರಿನ ಮೂಲಕ ಬಂದು, ಚಿಪ್‌ಗಳನ್ನು ರೂಪಿಸುವ ಸಿಲಿಕಾನ್ ಬಿಲ್ಲೆಯ ಮೇಲೆ ಕುಳಿತರೆ, ಟ್ರಾನ್ಸಿಸ್ಟರಿನ ಗುಣವೇ ಬದಲಾಗುವ ಅಪಾಯವಿದೆ. ಆದ್ದರಿಂದ ಇಂದಿನ ಘಟಕಗಳಲ್ಲಿ ರಾಳವನ್ನು ಯಾವಾಗ ಬದಲಿಸಬೇಕೆಂಬುದನ್ನು ರೋಧಶೀಲತೆಯನ್ನಷ್ಟೇ ನೋಡಿ ತೀರ್ಮಾನಿಸದೆ, ಬೋರಾನ್ ಅಥವಾ ಸಿಲಿಕಾದ ಮಟ್ಟವನ್ನು ಪ್ರತ್ಯೇಕವಾಗಿ ಅಳೆಯುವ ರೂಢಿ ಬಂದಿದೆ.

ಯೂರಿಯಾದ ಉಪಟಳವೂ ಇದೇ ಜಾತಿಯದು. ಹೊಲಕ್ಕೆ ಹಾಕಿದ ಗೊಬ್ಬರ ಮಳೆಯಲ್ಲಿ ತೊಳೆದು ನದಿ ಸೇರಿ, ಅಲ್ಲಿಂದ ಕಾರ್ಖಾನೆಗೆ ಬಂದಾಗ, ಅದರ ಆವೇಶರಹಿತ ಅಣು ಪೊರೆಯನ್ನೂ ರಾಳವನ್ನೂ ದಾಟುತ್ತದೆ. ಸಾವಯವ ಅಣುಗಳನ್ನು ಚೂರು ಮಾಡಲೆಂದು ಉರಿಸುವ 185 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ದೀಪಕ್ಕೂ ಅದು ಸುಲಭವಾಗಿ ಮಣಿಯುವುದಿಲ್ಲ. ಸಾವಯವ ಇಂಗಾಲದ ಮಟ್ಟ ಋತುಮಾನಕ್ಕೆ ತಕ್ಕಂತೆ ಏರುವುದನ್ನು ಕಂಡ ಎಂಜಿನಿಯರುಗಳು ಬೇಸಾಯದ ಕ್ಯಾಲೆಂಡರನ್ನೂ ಗಮನಿಸಬೇಕಾಗಿ ಬಂತು.

ಔಷಧ ಕಾರ್ಖಾನೆಗೆ ಬಂದರೆ ಭಯದ ಸ್ವರೂಪವೇ ಬೇರೆ. ಚುಚ್ಚುಮದ್ದಿಗೆ ಬಳಸುವ ನೀರಿನ ವಾಹಕತೆ 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ 1.3 ಮೈಕ್ರೋಸೀಮೆನ್ಸ್‌ವರೆಗೆ ಇರಬಹುದೆಂದು ಔಷಧ ಸಂಹಿತೆಗಳು ಹೇಳುತ್ತವೆ. ಚಿಪ್ ಕಾರ್ಖಾನೆಯ ನೀರಿನದು 0.055, ಅಂದರೆ ಅಯಾನುಗಳ ಲೆಕ್ಕದಲ್ಲಿ ರಕ್ತಕ್ಕೆ ಸೇರುವ ನೀರು ಸಿಲಿಕಾನ್ ಬಿಲ್ಲೆ ತೊಳೆಯುವ ನೀರಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ‘ಕೊಳಕು’. ಆದರೆ ಎಂಡೋಟಾಕ್ಸಿನ್ ವಿಷಯದಲ್ಲಿ ಅಲ್ಲಿ ಎಳ್ಳಷ್ಟೂ ಸಡಿಲವಿಲ್ಲ. ಇದು ಕೆಲವು ಬ್ಯಾಕ್ಟೀರಿಯಾಗಳ ಹೊರಗವಚದ ಭಾಗ. ಬ್ಯಾಕ್ಟೀರಿಯಾ ಸತ್ತರೂ ಇದು ಉಳಿಯುತ್ತದೆ, ಕುದಿಸಿದರೂ ಹೋಗುವುದಿಲ್ಲ, ರಕ್ತಕ್ಕೆ ಸೇರಿದರೆ ಜ್ವರ ತರುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ತಯಾರಿಸಿದ ಚುಚ್ಚುಮದ್ದುಗಳೂ ಜ್ವರ ಬರಿಸುತ್ತಿದ್ದ ಒಗಟನ್ನು 1923ರ ಹೊತ್ತಿಗೆ ಅಮೆರಿಕದ ಫ್ಲಾರೆನ್ಸ್ ಸೀಬರ್ಟ್ ಬಿಡಿಸಿದರು: ಕುದಿಯುವ ಪಾತ್ರೆಯಿಂದ ಆವಿಯೊಡನೆ ಹಾರಿ ಬರುವ ಸೂಕ್ಷ್ಮ ಹನಿಗಳೇ ಬ್ಯಾಕ್ಟೀರಿಯಾದ ಅವಶೇಷಗಳನ್ನು ಆಚೆ ದಾಟಿಸುತ್ತಿದ್ದವು. ಆ ಹನಿಗಳನ್ನು ತಡೆಯುವ ಉಪಕರಣವನ್ನೂ ಅವರೇ ರೂಪಿಸಿದರು.

ಎಂಡೋಟಾಕ್ಸಿನ್‌ಗೆ ಈಗಿರುವ ಮಿತಿ ಮಿಲಿಲೀಟರಿಗೆ 0.25 ಯೂನಿಟ್. ತೂಕದಲ್ಲಿ ಇದು ಅಂದಾಜು 25 ಪಿಕೋಗ್ರಾಮ್, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯ ಒಂದು ಪಾಲಿನ 25 ಪಟ್ಟು ಮಾತ್ರ. ಇದನ್ನು ಯಾವ ವಿದ್ಯುತ್ ಮೀಟರೂ ಪತ್ತೆ ಮಾಡದು. ಪತ್ತೆ ಮಾಡಿದ್ದು ಒಂದು ಕಡಲಜೀವಿಯ ನೀಲಿ ರಕ್ತ. ಹೆಸರಿಗೆ ಏಡಿಯಾದರೂ ಸಂಬಂಧದಲ್ಲಿ ಜೇಡಕ್ಕೆ ಹತ್ತಿರವಾದ ಹಾರ್ಸ್‌ಶೂ ಏಡಿಯ ರಕ್ತ ಬ್ಯಾಕ್ಟೀರಿಯಾದ ಸಂಪರ್ಕಕ್ಕೆ ಬಂದೊಡನೆ ಹೆಪ್ಪುಗಟ್ಟುವುದನ್ನು 1956ರಲ್ಲಿ ಫ್ರೆಡರಿಕ್ ಬ್ಯಾಂಗ್ ವರದಿ ಮಾಡಿದರು. ಮುಂದೆ ಜಾಕ್ ಲೆವಿನ್ ಜೊತೆಗೂಡಿ ನಡೆಸಿದ ಕೆಲಸದಿಂದ ಅದು ಪರೀಕ್ಷೆಯ ರೂಪ ಪಡೆಯಿತು. ಅದೇ ಕೆಲಸವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರೋಟೀನಿನಿಂದ ಮಾಡಿಸುವ ವಿಧಾನವೂ ಈಗ ಬಂದಿದ್ದು, ಆ ಬಡಪ್ರಾಣಿಗೆ ಅಷ್ಟರಮಟ್ಟಿಗೆ ಬಿಡುವು ಸಿಕ್ಕೀತು.

ಭಯ ಬದಲಾದಂತೆ ಕೊಳವೆಯೂ ಬದಲಾಗುತ್ತದೆ. ಔಷಧ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ನುಣುಪಾಗಿ ಹೊಳಪು ಕೊಟ್ಟ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳಲ್ಲಿ ಬಿಸಿನೀರು ಸುತ್ತುತ್ತಲೇ ಇರುತ್ತದೆ, ಏಕೆಂದರೆ ಬಿಸಿ ಇದ್ದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಚಿಪ್ ಕಾರ್ಖಾನೆಗೆ ಆ ಉಕ್ಕು ಆಗಿಬರದು; ಹಸಿದಂತಿರುವ ಆ ನೀರು ಉಕ್ಕಿನಿಂದಲೇ ಲೋಹದ ಅಯಾನುಗಳನ್ನು ಕಿತ್ತುಕೊಳ್ಳುತ್ತದೆ, ಹಾಗಾಗಿ ಅಲ್ಲಿ ಫ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕಿನ ಕೊಳವೆಗಳು ಬೇಕು. (‘ಹಸಿದ ನೀರು’ ಎಂದ ಕೂಡಲೇ ಅದನ್ನು ಒಂದು ಗುಟುಕು ಕುಡಿದರೆ ಪ್ರಾಣವೇ ಹೋಗುತ್ತದೆ ಎಂಬ ವದಂತಿ ನೆನಪಾಗುತ್ತದೆ. ಬಾಯಿಯ ಜೊಲ್ಲು ಮತ್ತು ಜಠರರಸದ ಲವಣಗಳು ಬೆರೆತ ಮರುಕ್ಷಣವೇ ಅದು ಅತಿಶುದ್ಧವಾಗಿ ಉಳಿದಿರುವುದಿಲ್ಲ.) ಎರಡೂ ಕಡೆ ನೀರು ನಿಲ್ಲಕೂಡದು. ಆಹಾರವೇ ಇಲ್ಲವೆನ್ನಬಹುದಾದ ಈ ನೀರಿನಲ್ಲೂ ರಾಲ್‌ಸ್ಟೋನಿಯಾದಂಥ ಬ್ಯಾಕ್ಟೀರಿಯಾಗಳು ಕೊಳವೆಯ ಗೋಡೆಗೆ ಲೋಳೆಯಾಗಿ ಅಂಟಿಕೊಂಡು ಬದುಕಬಲ್ಲವು.

ನಗರದ ನೀರು ಸರಬರಾಜಿನವರ ನಿಯಮ ಇದಕ್ಕೆ ತದ್ವಿರುದ್ಧ. ಅವರು ನೀರಿಗೆ ಕ್ಲೋರಿನ್ ಸೇರಿಸಿ ಅದು ನಲ್ಲಿಯವರೆಗೂ ಸ್ವಲ್ಪ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಅದೇ ಕ್ಲೋರಿನ್ ಇಂದಿನ ಪಾಲಿಅಮೈಡ್ ಪೊರೆಗಳನ್ನು ಹಾಳುಮಾಡುವುದರಿಂದ, ಕಾರ್ಖಾನೆಯವರು ಅದನ್ನು ಮೊದಲೇ ತೆಗೆದುಹಾಕುತ್ತಾರೆ. ಈ ಎರಡು ಲೋಕಗಳು ಒಂದಾಗಿರುವುದು ಸಿಂಗಪುರದಲ್ಲಿ. ಅಲ್ಲಿ 2003ರಿಂದ ಒಳಚರಂಡಿ ನೀರನ್ನು ಪೊರೆಗಳಲ್ಲಿ ಸೋಸಿ, ಅತಿನೇರಳೆ ಬೆಳಕಿಗೆ ಒಡ್ಡಿ ‘ನ್ಯೂವಾಟರ್’ ಎಂದು ಪೂರೈಸುತ್ತಿದ್ದು, ಅದರ ದೊಡ್ಡ ಗಿರಾಕಿಗಳಲ್ಲಿ ಚಿಪ್ ಕಾರ್ಖಾನೆಗಳೂ ಇವೆ. ಲವಣ ಕಡಿಮೆ ಇರುವ ಆ ನೀರನ್ನು ಮುಂದೆ ಶುದ್ಧೀಕರಿಸುವುದು ಅವರಿಗೂ ಸಲೀಸು. ಚರಂಡಿಯ ಮೂಲವೆಂದು ಮೂಗು ಮುರಿಯುವವರನ್ನು ರಾಸಾಯನಿಕ ವಿಶ್ಲೇಷಣೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಪಾಡುಪಟ್ಟು ತಯಾರಿಸಿದ ನೀರನ್ನು ಬಿಲ್ಲೆಯ ಮೇಲೆ ರಭಸದಿಂದ ಚಿಮ್ಮಿಸಿದಾಗ ಹೊಸ ತೊಂದರೆಯೊಂದು ಎದುರಾಗುತ್ತದೆ. ವಿದ್ಯುತ್ತನ್ನು ಒಯ್ಯಲಾರದ ನೀರು ಹರಿಯುವಾಗ ಉಜ್ಜಿಕೊಂಡು ಸ್ಥಿರ ವಿದ್ಯುತ್ ಹುಟ್ಟುತ್ತದೆ, ಆ ಆವೇಶ ಹರಿದುಹೋಗಲು ದಾರಿ ಸಿಗದೆ ಬಿಲ್ಲೆಯಲ್ಲೇ ಶೇಖರವಾಗಿ ಸೂಕ್ಷ್ಮ ಮಂಡಲಗಳನ್ನು ಸುಟ್ಟುಬಿಡಬಹುದು. ಅದಕ್ಕೆ ತಯಾರಕರು ಕಂಡುಕೊಂಡಿರುವ ಪರಿಹಾರವೆಂದರೆ ಕೆಲವು ಹಂತಗಳಲ್ಲಿ, ಬಿಲ್ಲೆಗೆ ತಾಗುವ ಮುನ್ನ, ಆ 18.2ರ ನೀರಿಗೆ ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಬೆರೆಸಿ ಮೀಟರಿನ ಅಂಕಿಯನ್ನು ತಾವೇ ಬೇಕೆಂದು ಕೆಳಗಿಳಿಸುವುದು.